ಮೂವತ್ತು ಹಲ್ಲಿನ ಲೆಕ್ಕ

ಪರೀಕ್ಷೆ ಸಮೀಪಿಸಿದೊಡನೆ ಕೈಕೆಲಸದ ತರಗತಿಯನ್ನು ಗಣಿತಕ್ಕೆ ಬಿಟ್ಟುಕೊಡುವ ವಾಡಿಕೆ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕೈಕೆಲಸವೇ ಒಂದು ಗಣಿತವೆಂಬುದನ್ನು ಮರೆತುದರ ಫಲವಿದು ಎಂದು ನಾವು ಭಾವಿಸುತ್ತೇವೆ. ಮನೆಯ ಸಣ್ಣ ಕಾರ್ಯಾಗಾರದಲ್ಲಿ ನೇರಹಲ್ಲಿನ ಗಿಯರೊಂದನ್ನು ತಯಾರಿಸುವ ಕ್ರಮವನ್ನು ನೋಡಿದರೆ ನಮ್ಮ ಮಾತು ಸ್ಪಷ್ಟವಾದೀತು.

ಮೂವತ್ತು ಹಲ್ಲಿನ, 1 ಮಾಡ್ಯೂಲಿನ ಗಿಯರು ಬೇಕೆಂದಿಟ್ಟುಕೊಳ್ಳೋಣ. ಮಾಡ್ಯೂಲೆಂದರೆ ಹಲ್ಲಿನ ಗಾತ್ರದ ಅಳತೆ, ಮಿಲಿಮೀಟರುಗಳಲ್ಲಿ. ಅದನ್ನು ಹಲ್ಲುಗಳ ಸಂಖ್ಯೆಯಿಂದ ಗುಣಿಸಿದರೆ, ಎರಡು ಚಕ್ರಗಳು ತಾಗಿ ಉರುಳುವ ಕಲ್ಪಿತ ವೃತ್ತದ ವ್ಯಾಸ ದೊರೆಯುತ್ತದೆ. ಇಲ್ಲಿ 30 ಮಿ.ಮೀ. ಹಲ್ಲಿನ ತುದಿ ಅದರಿಂದ ಎರಡು ಕಡೆಗೂ ಒಂದೊಂದು ಮಿ.ಮೀ. ಹೊರಚಾಚುವುದರಿಂದ ಹಿತ್ತಾಳೆಯ ಬಿಲ್ಲೆಯನ್ನು ಲೇತಿನಲ್ಲಿ 32 ಮಿ.ಮೀ.ಗೆ ಕಡೆಯಬೇಕು. ಹಲ್ಲುಗಳ ನಡುವಣ ಕಚ್ಚಿನ ಆಳ 2.25 ಮಿ.ಮೀ.

ಇನ್ನು ವೃತ್ತವನ್ನು ಮೂವತ್ತು ಸಮಪಾಲು ಮಾಡಬೇಕು. ಅದಕ್ಕೆ ಡಿವೈಡಿಂಗ್ ಹೆಡ್ ಎಂಬ ಉಪಕರಣವುಂಟು. ಅದರ ಹಿಡಿಯನ್ನು 40 ಸುತ್ತು ತಿರುಗಿಸಿದಾಗ ಬಿಲ್ಲೆ ಒಂದೇ ಸುತ್ತು ತಿರುಗುತ್ತದೆ. ಆದುದರಿಂದ ಹಲ್ಲೊಂದಕ್ಕೆ 40/30, ಅಂದರೆ ಒಂದೂ ಮೂರನೆಯ ಒಂದು ಸುತ್ತು. 15 ರಂಧ್ರಗಳ ಸಾಲಿನಲ್ಲಿ ಇದು ಪೂರ್ತಿ ಒಂದು ಸುತ್ತು, ಮೇಲೆ ಐದು ರಂಧ್ರ. ಎಣಿಸುವಾಗ ಪಿನ್ನು ಕುಳಿತಿರುವ ರಂಧ್ರವನ್ನು ಬಿಡಬೇಕು. ಅದನ್ನೂ ಸೇರಿಸಿ ಎಣಿಸಿದವನು ಪ್ರತಿಸಲವೂ ನಾಲ್ಕೇ ರಂಧ್ರ ಮುಂದೆ ಸಾಗುತ್ತಾನೆ. ಒಂದು ಸಲದ ತಪ್ಪು ವೃತ್ತದ 600ರಲ್ಲಿ ಒಂದು ಪಾಲು ಮಾತ್ರ, ಕಣ್ಣಿಗೆ ಕಾಣದು. ಆದರೆ ಮೂವತ್ತು ಕಚ್ಚುಗಳು ಮುಗಿದಾಗ ಒಂದೂವರೆ ಹಲ್ಲಿಗೂ ಮಿಕ್ಕಿದ ಲೋಹ ಹಾಗೆಯೇ ಉಳಿದು, ಬಿಲ್ಲೆ ವ್ಯರ್ಥವಾಗುತ್ತದೆ. ಕಾಗದದ ಮೇಲಿನ ಭಿನ್ನರಾಶಿಗೆ ಅರ್ಧ ಅಂಕವಾದರೂ ದೊರೆತೀತು. ಹಿತ್ತಾಳೆ ಅಷ್ಟು ದಾಕ್ಷಿಣ್ಯವುಳ್ಳದ್ದಲ್ಲ.

ಅವಿಭಾಜ್ಯ ಸಂಖ್ಯೆಗಳಿಂದ ಏನು ಪ್ರಯೋಜನವೆಂದು ಕೇಳುವ ವಿದ್ಯಾರ್ಥಿಗಳಿದ್ದಾರೆ. ಇಂಚಿನ ಅಳತೆಯ ಲೇತಿನಲ್ಲಿ ಮಿಲಿಮೀಟರ್ ಲೆಕ್ಕದ ತಿರುಪನ್ನು ನಿಖರವಾಗಿ ಕಡೆಯಲು 127 ಹಲ್ಲಿನ ಗಿಯರು ಬೇಕಾಗುತ್ತದೆ, ಏಕೆಂದರೆ ಐದು ಇಂಚು ಸರಿಯಾಗಿ 127 ಮಿ.ಮೀ. ಅದು ಅವಿಭಾಜ್ಯವಾದುದರಿಂದ ಚಿಕ್ಕ ಗಿಯರುಗಳ ಯಾವ ಜೋಡಣೆಯೂ ಅದರ ಸ್ಥಾನವನ್ನು ಸರಿಯಾಗಿ ತುಂಬಲಾರದು. ಸಣ್ಣ ಲೇತಿನಲ್ಲಿ ಅಷ್ಟು ದೊಡ್ಡ ಚಕ್ರಕ್ಕೆ ಸ್ಥಳವಿಲ್ಲದಾಗ 63 ಹಲ್ಲಿನದನ್ನು ಹಾಕಿ, 127/100ಕ್ಕೆ ಬದಲಾಗಿ 80/63ರಿಂದ ಕೆಲಸ ಸಾಗಿಸುತ್ತಾರೆ. ಇವೆರಡನ್ನೂ ಅಡ್ಡಗುಣಿಸಿ ನೋಡಿರಿ: ಒಂದು ಕಡೆ 8001, ಇನ್ನೊಂದು ಕಡೆ 8000. ಒಂದು ಮೀಟರಿಗೆ ಮಿಲಿಮೀಟರಿನ ಎಂಟನೆಯ ಒಂದು ಪಾಲು ವ್ಯತ್ಯಾಸ!

ಮುಂಬಯಿಯ ನಾಗದೇವಿ ಬೀದಿಯಂಥ ಯಂತ್ರಸಾಮಗ್ರಿಯ ಪೇಟೆಯಿರುವಾಗ ಈ ಶ್ರಮವೇಕೆ ಎಂಬ ಆಕ್ಷೇಪವುಂಟು. ಕಾರ್ಖಾನೆಯ ಹಾಬಿಂಗ್ ಯಂತ್ರ ಕೊರೆದ ಗಿಯರು ಮನೆಯಲ್ಲಿ ಮಾಡಿದುದಕ್ಕಿಂತ ಉತ್ತಮವೆಂಬುದನ್ನು ನಾವೂ ಒಪ್ಪುತ್ತೇವೆ. ಮನೆಯಲ್ಲಿ 26ರಿಂದ 34 ಹಲ್ಲುಗಳವರೆಗೆ ಒಂದೇ ಕಟ್ಟರನ್ನು ಬಳಸುವುದರಿಂದ ಹಲ್ಲಿನ ಆಕಾರ 26ಕ್ಕೆ ಮಾತ್ರ ಸರಿಹೊಂದುತ್ತದೆ, ಉಳಿದವುಗಳಿಗೆ ಸುಮಾರಾಗಿ. ಆದರೆ ನಾವು ಕೇಳುತ್ತಿರುವುದು ಅಂಗಡಿಗೆ ಸರಕನ್ನಲ್ಲ.

ಕೈಗೆ ಎಣ್ಣೆ ಹತ್ತಿದವನು ಓದಿನಲ್ಲಿ ಹಿಂದುಳಿದವನೆಂಬ ಭಾವನೆ ನಮ್ಮ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ಯಂತ್ರದ ವಿದ್ಯೆಯೆಲ್ಲ ಇಂಗ್ಲಿಷಿನಲ್ಲೇ ಇದೆ, ಕನ್ನಡ ಮಾಧ್ಯಮದವರಿಗೆ ನಿಲುಕದು ಎಂಬ ಅಂಜಿಕೆಯೂ ಅದರೊಡನೆ ಸೇರಿಕೊಂಡಿದೆ. ಮೇಲಿನ ಲೆಕ್ಕದಲ್ಲಿ ನಮ್ಮ ಮಾಧ್ಯಮಿಕ ತರಗತಿಯ ಗಣಿತಕ್ಕೆ ಮೀರಿದುದು ಯಾವುದಿದೆ?

ಮುಂದಿನ ವಸ್ತುಪ್ರದರ್ಶನದಲ್ಲಿ ಇಂಥ ಗಿಯರೊಂದಕ್ಕೂ ಅದರ ಲೆಕ್ಕದ ಹಾಳೆಗೂ ಒಂದು ಮೇಜು ದೊರೆಯಲಿ. ಸ್ವಂತ ವರ್ಕ್‌ಶಾಪುಳ್ಳ ಪಾಲಕರು ಒಂದು ಭಾನುವಾರ ಬಾಗಿಲು ತೆರೆದರೆ ಸಾಕು. ಕಟ್ಟರು ನಡೆಸುವ ಕೆಲಸ ಹಿರಿಯರದೇ ಆಗಿರಲಿ. ರಂಧ್ರ ಎಣಿಸುವ ಹೊಣೆಯನ್ನು ಮಾತ್ರ ವಿದ್ಯಾರ್ಥಿಗೆ ವಹಿಸಬೇಕು.