ಶಾಲು ಯಾರಿಗೆ ಬೇಕು?

ಪ್ರತಿವರ್ಷ ನಮ್ಮ ಬಳಗದ ವಾರ್ಷಿಕೋತ್ಸವದಲ್ಲಿ ಹಿರಿಯರೊಬ್ಬರಿಗೆ ಸನ್ಮಾನ ಇದ್ದೇ ಇರುತ್ತದೆ. ಅದರ ಸಾಮಾನಿನ ಪಟ್ಟಿ ನಿಮಗೂ ಬಾಯಿಪಾಠ: ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ, ಹೆಸರು ಕೊರೆದ ಫಲಕ. ಈ ಸಲ ಇದನ್ನು ಬಿಡೋಣ ಅಂತ ಸಭೆಯಲ್ಲಿ ಹೇಳಿದೆ. "ಕಾಮರ್ಸಿನವನಲ್ವಾ, ಖರ್ಚು ಉಳಿಸೋಕೆ ನೋಡ್ತಾನೆ" ಎಂದು ಎಲ್ಲರೂ ನಕ್ಕರು. ಅಲ್ಲ ಮಾರಾಯರೆ, ಸ್ವಲ್ಪ ಕೇಳಿ.

ಕಳೆದ ತಿಂಗಳು ಆಮಂತ್ರಣ ಕೊಡಲು ನನ್ನ ಪ್ರಾಥಮಿಕ ಶಾಲೆಯ ಟೀಚರ ಮನೆಗೆ ಹೋಗಿದ್ದೆ. ಇದೇ ಮುಂಬಯಿಯಲ್ಲಿ ಹೋಟೆಲಿನವರ, ಕಟ್ಟಡ ಕೆಲಸದವರ ಮಕ್ಕಳಿಗೆ ಮೂವತ್ತು ವರ್ಷ ಕಾಗುಣಿತ ತಿದ್ದಿದ ಕೈ ಅವರದು. ಕನ್ನಡಕ ಹುಡುಕಲು ಅವರು ಟ್ರಂಕು ತೆರೆದರು. ಒಳಗೆ ಶಾಲುಗಳು. ಎಣಿಸಿದೆ, ಹನ್ನೊಂದು. ಎಲ್ಲವೂ ಪ್ಲಾಸ್ಟಿಕ್ ಚೀಲದಿಂದ ಹೊರಗೇ ಬಂದಿಲ್ಲ. "ಮುಂಬಯಿ ಸೆಕೆಗೆ ಇದನ್ನ ಹೊದ್ದು ಏನ್ ಮಾಡ್ಲೋ?" ಎಂದರು.

ಶಾಲುಗಳ ಅಡಿಯಲ್ಲಿ ಒಂದು ಮಡಿಸಿದ ಡ್ರಾಯಿಂಗ್ ಹಾಳೆ ಇತ್ತು. ನಾಲ್ಕನೇ ಇಯತ್ತೆಯಲ್ಲಿ ಶಿಕ್ಷಕರ ದಿನಕ್ಕೆ ನಾವೇ ಮಾಡಿ ಕೊಟ್ಟದ್ದು! ಗಿಳಿ ಬರೆಯಲು ಹೋಗಿ ಹಸಿರು ಕಾಗೆಯಾಗಿದೆ. ಕೆಳಗೆ ಇಪ್ಪತ್ತಮೂರು ಹೆಸರು, ಅದರಲ್ಲಿ ನನ್ನದೂ ಒಂದು. 'ಶುಭಾಶಯ' ಎಂಬಲ್ಲಿ ನಾವು 'ಶುಬಾಶಯ' ಎಂದು ಬರೆದಿದ್ದೆವು. ಟೀಚರು ಕೆಂಪು ಶಾಯಿಯಲ್ಲಿ ಬಾಲ ಎಳೆದು ತಿದ್ದಿದ್ದಾರೆ. ತಿದ್ದಿ, ಇಷ್ಟು ವರ್ಷ ಇಟ್ಟುಕೊಂಡಿದ್ದಾರೆ. ನನಗೆ ಮಾತೇ ಹೊರಡಲಿಲ್ಲ.

ನಾವು ಓದಿದ ಆ ಕನ್ನಡ ವರ್ಗ ಈಗ ಇಲ್ಲ, ಮಕ್ಕಳಿಲ್ಲದೆ ಮುಚ್ಚಿತು. ಅಂಥ ತಪ್ಪನ್ನು ಕನ್ನಡದಲ್ಲಿ ಮಾಡಿ ಕೊಡುವವರೂ ಅವರಿಗೆ ಇನ್ನು ಯಾರಿದ್ದಾರೆ?

ಕರ್ನಾಟಕದಲ್ಲಿ 2021ರ ಆಗಸ್ಟಿನಲ್ಲಿ, ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿದ್ದಾಗ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲು ಬೇಡ, ಕನ್ನಡ ಪುಸ್ತಕ ಕೊಡಿ ಎಂಬ ಸೂಚನೆ ಹೊರಟಿತು. 2023ರಲ್ಲಿ ಸಿದ್ದರಾಮಯ್ಯನವರೂ ಹೂವು, ಶಾಲು ಬೇಡ, ಪುಸ್ತಕ ಕೊಡಿ ಎಂದರು. ಒಳ್ಳೆಯದೇ. ಆದರೆ ಪುಸ್ತಕವನ್ನೂ ಅಂಗಡಿಯಿಂದ ತಂದು ಕೈಗಿಟ್ಟು ಫೋಟೋ ತೆಗೆಸಿಕೊಂಡರೆ ಅದೂ ಟ್ರಂಕಿಗೇ ಹೋಗುತ್ತದೆ.

ಉತ್ತರ ಕರ್ನಾಟಕದ ಗೆಳೆಯರು ಕೌದಿ ಬಲ್ಲರು. ಹಳೇ ಸೀರೆ, ಧೋತರ ಕೂಡಿಸಿ ಅಜ್ಜಿ ಒಂದೊಂದೇ ಹೊಲಿಗೆ ಹಾಕಿ ಮೊಮ್ಮಗುವಿಗೆ ಹೊದಿಸುತ್ತಾಳೆ. ಆ ಬಟ್ಟೆಗೆ ಪೇಟೆಯಲ್ಲಿ ಬೆಲೆಯಿಲ್ಲ, ಅವಳ ಕಣ್ಣು, ಅವಳ ದಿನಗಳು ಅದರೊಳಗಿವೆ. ಹಿರಿಯರು ನಮಗೆ ಕೌದಿ ಕೊಟ್ಟರು, ನಾವು ಅವರಿಗೆ ರಸೀದಿ ಸಮೇತ ಶಾಲು ಕೊಡುತ್ತಿದ್ದೇವೆ. ನಮ್ಮ ಜಮಾ-ಖರ್ಚಿನ ಪುಸ್ತಕದಲ್ಲಿ ಹಣಕ್ಕೆ ಕಾಲಂ ಇದೆ, ಹೊತ್ತಿಗೆ ಇಲ್ಲ.

"ಬರಿಗೈಲಿ ಕಳಿಸೋದಾ?" ಎಂದು ಖಜಾಂಚಿ ಕೇಳಿದರು. ನ್ಯಾಯವಾದ ಪ್ರಶ್ನೆ. ಸಭೆಯಲ್ಲಿ ಶಾಲು ಹೊದಿಸಿಕೊಂಡಾಗ ಕಣ್ಣು ತುಂಬಿಕೊಂಡ ಹಿರಿಯರನ್ನು ನಾನೂ ಕಂಡಿದ್ದೇನೆ. ಹಾಗೆಯೇ, ಕೈಯಿಂದ ಮಾಡಿದ್ದೆಲ್ಲ ಪ್ರೀತಿಯದ್ದೇ ಎಂದೂ ಅಲ್ಲ. ಬೇಕಾಬಿಟ್ಟಿ ಗೀಚಿದ ಕಾರ್ಡಿಗಿಂತ ಶಾಲೇ ವಾಸಿ.

ಆದ್ದರಿಂದ ನನ್ನ ಸೂಚನೆ ಇಷ್ಟೇ. ಸಮಾರಂಭಕ್ಕೆ ಮೊದಲು ನಮ್ಮಲ್ಲಿ ಇಬ್ಬರು ಆ ಹಿರಿಯರ ಮನೆಗೆ ಹೋಗಿ ಒಂದು ಸಂಜೆ ಕೂತು ಅವರ ಮಾತು ಕೇಳಲಿ. ಹೆಸರೊಂದನ್ನೇ ಬದಲಿಸಿ ವರ್ಷವರ್ಷ ಅಚ್ಚು ಹಾಕಿಸುವ ಆ ಮಾನಪತ್ರ ಬಿಟ್ಟು, ಕೇಳಿದ್ದನ್ನೇ ಕೈಬರಹದಲ್ಲಿ ಬರೆದು, ದಾರದಿಂದ ಹೊಲಿದು, ಎಲ್ಲರೂ ರುಜು ಮಾಡಿ ಕೊಡೋಣ. ಕಣ್ಣು ಮಂಜಾದವರಿಗೆ ಓದಿ ಹೇಳೋಣ. ಕನ್ನಡ ಬರೆಯಲು ಬಾರದೆ ಮಾತಾಡಲು ಮಾತ್ರ ಬರುವ ಗೆಳೆಯರು ನಮ್ಮಲ್ಲಿ ಎಷ್ಟೋ ಮಂದಿ. ಅವರೂ ಒಂದು ಸಾಲು ಬರೆಯಲಿ.

ತಪ್ಪಾದರೆ ಆಗಲಿ. ತಿದ್ದಲು ಕೆಂಪು ಪೆನ್ನು ಹಿಡಿದು ನಮ್ಮ ಟೀಚರು ಇನ್ನೂ ಇದ್ದಾರೆ. ಏನಂತೀರಿ?