ಹೇಳಿದ್ದು, ಕೇಳಿದ್ದು, ಒಪ್ಪಿದ್ದು

ಬಾಯಿಮಾತಿನಲ್ಲಿ ಕೆಲಸ ಬೇಗ ಸಾಗುತ್ತದೆ, ಆದರೆ ಆಡಿದ ಮಾತಿಗೆ ಗುರುತು ಉಳಿಯುವುದಿಲ್ಲ. ಯಾರು ಹೇಳಿದರು, ಎದುರಿನವರು ಏನೆಂದು ಕೇಳಿಸಿಕೊಂಡರು, ಒಪ್ಪಿದರೋ ಇಲ್ಲವೋ ಎಂಬುದೆಲ್ಲ ಆಮೇಲೆ ಜಗಳದ ವಿಷಯ. ಕರೆಗಳ ಧ್ವನಿಮುದ್ರಣ, ಮಾತನ್ನು ಅಕ್ಷರಕ್ಕಿಳಿಸುವ ತಂತ್ರಾಂಶ, ಸಭೆಯ ಟಿಪ್ಪಣಿಯನ್ನು ತಾನೇ ಬರೆದಿಡುವ ಸಾಧನ ಇವೆಲ್ಲ ಆ ಜಗಳ ತೀರಿಸಲೆಂದೇ ಕಚೇರಿಗಳಿಗೆ ಬಂದಿವೆ. ಅವು ಅದನ್ನು ಎಷ್ಟು ತೀರಿಸುತ್ತವೆ ಎಂದು ನೋಡಲು ಮುಂಬಯಿ ಹತ್ತಿರ ಡೊಂಬಿವಲಿ ಮತ್ತು ಕಲ್ಯಾಣದ ನಡುವಿನ ಠಾಕುರ್ಲಿ ತಕ್ಕ ಜಾಗ. ಇಲ್ಲಿನ ಹಳೆಯ ಕಸುಬು ರೈಲ್ವೇ. ವಿದ್ಯುತ್ ರೈಲುಗಳಿಗಾಗಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿ.ಐ.ಪಿ.) ರೈಲ್ವೇ ಕಟ್ಟಿದ ಚೋಳಾ ಪವರ್ ಹೌಸ್ ಇದ್ದದ್ದು ಇಲ್ಲೇ. ಹೊಸ ಕಸುಬು ನವಿ ಮುಂಬಯಿಯ ಐರೋಲಿ, ಮಹಾಪೆಗಳ ಕಾಲ್ ಸೆಂಟರುಗಳದು.

ರೈಲ್ವೇ ಮಾತನ್ನು ಎಂದೂ ಪೂರ್ತಿ ನಂಬಿಲ್ಲ. ಮುಂಬಯಿ ಲೋಕಲ್ಲಿನ ಒಂದು ತುದಿಯಲ್ಲಿ ಮೋಟರ್‌ಮನ್, ಇನ್ನೊಂದು ತುದಿಯಲ್ಲಿ ಗಾರ್ಡ್. ಅವರ ನಡುವಿನ ಮುಖ್ಯ ಅಪ್ಪಣೆಗಳು ಗಂಟೆಯಲ್ಲೇ ಹೋಗುತ್ತವೆ: ಗಂಟೆ ಒಮ್ಮೆ ಬಾರಿಸಿದರೆ ನಿಲ್ಲು, ಎರಡು ಸಲ ಬಾರಿಸಿದರೆ ಹೊರಡು. ದಿನವಿಡೀ ಮತ್ತೆ ಮತ್ತೆ ಕೊಡಬೇಕಾದ ಅಪ್ಪಣೆಯಲ್ಲಿ ಉಚ್ಚಾರ, ಭಾಷೆ, ಗದ್ದಲಗಳ ಗೊಡವೆಯೇ ಇಲ್ಲ.

ಮಾತಾಡಲೇಬೇಕಾದ ಕಡೆ ರೈಲ್ವೇ ಕಂಡುಕೊಂಡ ಉಪಾಯದ ಹೆಸರು ‘ಪ್ರೈವೇಟ್ ನಂಬರ್’. ಸಿಗ್ನಲ್ಲಿಗೆ ಜೋಡಿಸದ ಗೇಟಿಗೆ ಸ್ಟೇಷನ್ ಮಾಸ್ತರರು ಫೋನ್ ಮಾಡಿ, ರೈಲು ಬರುತ್ತಿದೆ, ಗೇಟು ಹಾಕು ಎನ್ನುತ್ತಾರೆ. ಗೇಟ್‌ಮನ್ ‘ಹಾಕಿದೆ’ ಎಂದರೆ ಸಾಲದು. ತನ್ನ ಹಾಳೆಯಲ್ಲಿ ಕ್ರಮವಿಲ್ಲದೆ ಅಚ್ಚಾಗಿರುವ ಸಂಖ್ಯೆಗಳಲ್ಲಿ ಮುಂದಿನದನ್ನು ಓದಿ ಹೇಳಬೇಕು. ಮಾಸ್ತರರು ಅದನ್ನು ಬರೆದುಕೊಳ್ಳುತ್ತಾರೆ. ಒಮ್ಮೆ ಕೊಟ್ಟ ಸಂಖ್ಯೆಗೆ ಅಲ್ಲೇ ಕಾಟು ಬೀಳುತ್ತದೆ. ಆ ಸಂಖ್ಯೆಗೆ ತನ್ನದೇ ಆದ ಅರ್ಥವಿಲ್ಲ. ಇಂಥ ಹೊತ್ತಿಗೆ, ಇಂಥ ಮಾತಿಗೆ, ಈ ಮನುಷ್ಯ ಹೊಣೆಯಾದ ಎಂಬುದಕ್ಕೆ ಅದು ಸಾಕ್ಷಿ.

ಸಂಖ್ಯೆ ಹೇಳುವುದರಲ್ಲೂ ತೊಡಕಿದೆ. ಹಿಂದಿಯಲ್ಲಿ 59 ‘ಉನ್‌ಸಠ್’, 69 ‘ಉನ್‌ಹತ್ತರ್’, 79 ‘ಉನ್ಯಾಸಿ’. ಕರಕರ ಎನ್ನುವ ಫೋನಿನಲ್ಲಿ ಇವು ಒಂದಕ್ಕೊಂದು ಬೆರೆತು ಹೋಗುವುದು ಸುಲಭ. ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳುವುದೇ ಕ್ಷೇಮ. ಕನ್ನಡದ ಐವತ್ತೊಂಬತ್ತು, ಅರವತ್ತೊಂಬತ್ತುಗಳಲ್ಲಿ ಹತ್ತಿನ ಲೆಕ್ಕ ಮೊದಲೇ ಸ್ಪಷ್ಟವಾಗಿ ಬಂದುಬಿಡುತ್ತದೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಎರಡನೆಯ ತರಗತಿಯ ಗಣಿತದಲ್ಲಿ ಮರಾಠಿಯ 21ನ್ನು ‘ಏಕವೀಸ್’ ಬದಲು ‘ವೀಸ್ ಎಕ್’ ಎಂದು, ಹತ್ತಿನ ಲೆಕ್ಕ ಮೊದಲು ಬರುವಂತೆ, ಓದುವ ಕ್ರಮ ತಂದಾಗ ಗದ್ದಲ ಎದ್ದಿತು. ಫೋನಿನಲ್ಲಿ ದುಡಿಯುವವರನ್ನು ಕೇಳಿದ್ದರೆ ಆ ಕ್ರಮಕ್ಕೆ ಒಂದಿಷ್ಟು ಬೆಂಬಲ ಸಿಗುತ್ತಿತ್ತೇನೋ.

ಯಂತ್ರದ ದನಿ ಮೊದಲು ಗೆದ್ದದ್ದು ಮರುಮಾತು ಬೇಡದ ಕಡೆ. 1982ರಲ್ಲಿ ಸೆಂಟ್ರಲ್ ರೈಲ್ವೇ ಸೇರಿದ ಪ್ರಕಟಣೆಗಾರ್ತಿ ಸರಳಾ ಚೌಧರಿಯವರ ಮುದ್ರಿತ ದನಿ ಪ್ಲಾಟ್‌ಫಾರ್ಮಿನಲ್ಲಿ ಕೆಲಸ ಮಾಡಿತು, ಏಕೆಂದರೆ ಪ್ರಯಾಣಿಕರು ಅದಕ್ಕೆ ಉತ್ತರ ಕೊಡಬೇಕಿರಲಿಲ್ಲ.

ಆದರೆ ಕಾಲ್ ಸೆಂಟರಿನ ಮಾತಿಗೆ ಎರಡು ಬದಿ. ಹಿಂದೆ ಗುಣಮಟ್ಟ ವಿಭಾಗದವರು ಕೆಲವೇ ಕರೆಗಳನ್ನು ಆರಿಸಿ ಕೇಳುತ್ತಿದ್ದರು. ಈಗ ತಂತ್ರಾಂಶ ಬೇಕೆಂದರೆ ಪ್ರತಿ ಕರೆಯನ್ನೂ ಕೇಳಿ, ಪದ, ಮೌನ, ದನಿಯ ಏರಿಳಿತಕ್ಕೆ ಅಂಕ ಹಾಕಬಲ್ಲದು. ಭಾರತೀಯ ಉಚ್ಚಾರವನ್ನು ಆಡುತ್ತಿದ್ದಂತೆಯೇ ಅಮೆರಿಕದ ಕಿವಿಗೆ ಹೊಂದಿಸುವ ತಂತ್ರಾಂಶವೂ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಉದ್ಯೋಗದ ಉದ್ದೇಶಗಳಿಗೆ ಕೆಲವು ಬಗೆಯ ಬಳಕೆಯನ್ನು ಒಪ್ಪಿಗೆ ಕೇಳದೆಯೇ ಬಿಟ್ಟುಕೊಟ್ಟಿದೆ. ನೌಕರನ ದನಿ ಅವನ ಕೈಯಲ್ಲಿ ಉಳಿಯುವುದು ಕಡಿಮೆಯೇ.

ಇಷ್ಟೆಲ್ಲ ಇದ್ದರೂ ಮೂಲ ತೊಂದರೆ ಹಾಗೇ ಇದೆ. ಡೊಂಬಿವಲಿಯ ಕನ್ನಡಿಗರ ಆಫೀಸಿನ ಒಂದು ವಾಕ್ಯದಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್, ಕನ್ನಡ ನಾಲ್ಕೂ ಇರಬಹುದು. ಒಂದು ಭಾಷೆಗೆ ಅಣಿಯಾದ ತಂತ್ರಾಂಶ ಅಲ್ಲಿ ಎಡವುತ್ತದೆ. ಅದು ನಾಳೆ ಸರಿಹೋದೀತು. ಸರಿಹೋಗದ್ದು ‘ಆಯ್ತು’ ಎಂಬ ಪದ. ಕೇಳಿಸಿತು ಎಂದರೂ ಆಯ್ತು, ಒಪ್ಪಿದೆ ಎಂದರೂ ಆಯ್ತು, ಕೆಲಸ ಮುಗಿಯಿತು ಎಂದರೂ ಆಯ್ತು. ಇನ್ನು ಸಾಕು, ಫೋನ್ ಇಡಿ ಎನ್ನುವುದಕ್ಕೂ ಅದೇ. ಯಂತ್ರ ಅದನ್ನು ಒಂದಕ್ಷರ ತಪ್ಪದೆ ಬರೆದುಕೊಳ್ಳಬಹುದು, ಧ್ವನಿಮುದ್ರಣವೂ ಇರಬಹುದು. ಮೂರು ದಿನದ ಮೇಲೆ ಸರಕು ಹೊರಡದಿದ್ದಾಗ ಆ ‘ಆಯ್ತು’ ಯಾವುದೆಂದು ಟಿಪ್ಪಣಿ ಹೇಳುವುದಿಲ್ಲ. ತಪ್ಪಿಲ್ಲದ ಬರಹವೇ ಇಲ್ಲಿ ಹೆಚ್ಚು ಅಪಾಯಕಾರಿ. ಅಚ್ಚುಕಟ್ಟಾಗಿ ಕಾಣುವ ಟಿಪ್ಪಣಿಯನ್ನು ಯಾರೂ ಮತ್ತೆ ಪ್ರಶ್ನಿಸುವುದಿಲ್ಲ.

ಹಾಗೆಂದು ಯಂತ್ರವನ್ನು ದೂರವಿಡಬೇಕಿಲ್ಲ. ಕೈ ಬಿಡುವಿಲ್ಲದ ಗೋದಾಮಿನಲ್ಲಿ, ಬರೆಯಲು ಬಾರದವರ ನಡುವೆ, ಕಣ್ಣು ಕಾಣದವರಿಗೆ ಅದು ದೊಡ್ಡ ಅನುಕೂಲ. ಆದರೆ ಯಂತ್ರ ಬರೆದ ಟಿಪ್ಪಣಿಯ ಕೆಳಗೆ, ಕೆಲಸ ಒಪ್ಪಿಕೊಂಡವರು ಅದನ್ನು ಓದಿ ಅಥವಾ ಓದಿಸಿ ಕೇಳಿ, ತಮ್ಮ ಹೆಸರು ಮತ್ತು ವೇಳೆಯನ್ನು ತಾವೇ ಸೇರಿಸಬೇಕು. ಅವೆರಡೂ ಇಲ್ಲದ ಟಿಪ್ಪಣಿಯ ಮೇಲೆ ಯಾರನ್ನೂ ಹೊಣೆ ಮಾಡಬಾರದು.