ಮಿತವ್ಯಯ ಯಾರಿಂದ ಶುರುವಾಗಬೇಕು?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಅರ್ಥಶಾಸ್ತ್ರ ತರಗತಿಯಲ್ಲಿ ಸರ್ಕಾರದ ಬಜೆಟ್ ಪಾಠ ನಡೆಯುತ್ತಿತ್ತು. “ಸರ್ಕಾರ ಖರ್ಚು ಕಡಿಮೆ ಮಾಡಬೇಕು ಅನ್ನುವವರು ಕೈ ಎತ್ತಿ” ಅಂದರು ಸರ್. ಹೆಚ್ಚುಕಡಿಮೆ ಎಲ್ಲರೂ ಎತ್ತಿದೆವು. “ಸರಿ, ಯಾವ ಖರ್ಚು?” ಅಂದರು. ಹಿಂದಿನ ಬೆಂಚಿನವನೊಬ್ಬ “ಶಕ್ತಿ ಯೋಜನೆ” ಅಂದ. “ಸರ್, ಅದು ಬೇಡ, ನಾನು ಅದರಲ್ಲೇ ಕಾಲೇಜಿಗೆ ಬರೋದು” ಎಂದು ಹುಡುಗಿಯೊಬ್ಬಳು ಕೂಗಿದಳು. ಎಲ್ಲರೂ ನಕ್ಕೆವು, ಬೆಲ್ ಹೊಡೆಯಿತು. ಚರ್ಚೆ ಮಾತ್ರ ನನ್ನ ತಲೆಯಲ್ಲಿ ಮುಗಿಯಲಿಲ್ಲ.

ನಾನು ಕೈ ಎತ್ತಿದವರಲ್ಲಿ ಒಬ್ಬ, ಈಗಲೂ ಇಳಿಸಿಲ್ಲ. ಲಿಬರ್ಟೇರಿಯನ್ ಎಂದು ಕರೆಯುತ್ತಾರಲ್ಲ, ಆ ವಿಚಾರದ ಕಡೆಗೆ ನನ್ನ ಒಲವು. ದುಡಿದವನ ದುಡ್ಡು ಮೊದಲು ದುಡಿದವನದು. ಅದರಲ್ಲಿ ಪಾಲು ಕೇಳುವ ಸರ್ಕಾರ ಪ್ರತಿ ರೂಪಾಯಿಗೂ ಕಾರಣ ಹೇಳಬೇಕು. ನನಗೆ ಅರ್ಥವಾಗಿರುವುದು ಇಷ್ಟು. ಇದು ವಿದೇಶಿ ಸರಕು ಎಂದು ಗೆಳೆಯರು ಗೇಲಿ ಮಾಡುತ್ತಾರೆ. ಆದರೆ ಇಂದಿನ ಕಾಸರಗೋಡು ಜಿಲ್ಲೆಯ ಬೆಳ್ಳಿಕೋತ್‌ನಲ್ಲಿ ಹುಟ್ಟಿದ ಬಿ.ಆರ್. ಶೆಣೈ 1955ರಲ್ಲೇ ಎರಡನೇ ಪಂಚವಾರ್ಷಿಕ ಯೋಜನೆಯ ಕೊರತೆ ಹಣಕಾಸಿನ ವಿರುದ್ಧ ಭಿನ್ನಮತದ ಟಿಪ್ಪಣಿ ಬರೆದಿದ್ದರು. ಅರ್ಥಶಾಸ್ತ್ರಜ್ಞರ ಆ ಸಮಿತಿಯಲ್ಲಿ ಹಾಗೆ ಬರೆದವರು ಅವರೊಬ್ಬರೇ. ರಾಜಾಜಿ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದ್ದೂ ಲೈಸೆನ್ಸ್-ಪರ್ಮಿಟ್ ರಾಜ್ಯದ ವಿರುದ್ಧವೇ.

ಈಗ ನಮ್ಮ ಮನೆಯ ಲೆಕ್ಕಕ್ಕೆ ಬರುತ್ತೇನೆ. ಅಮ್ಮಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ. ಅಬ್ಬಾ ಬೊಮ್ಮಸಂದ್ರದ ಕಡೆಗೆ ಲಗೇಜ್ ಆಟೋ ಓಡಿಸುತ್ತಾರೆ, ದಿನಕ್ಕೆ ಸುಮಾರು 8 ಲೀಟರ್ ಡೀಸೆಲ್ ಬೇಕು. ರಾಜ್ಯ ಸರ್ಕಾರ 2024ರ ಜೂನ್‌ನಲ್ಲಿ ಮಾರಾಟ ತೆರಿಗೆ ಏರಿಸಿದಾಗ ಡೀಸೆಲ್ ಲೀಟರಿಗೆ 3 ರೂಪಾಯಿಗೂ ಹೆಚ್ಚಾಯಿತು, 2025ರ ಏಪ್ರಿಲ್‌ನಲ್ಲಿ ಮತ್ತೆ 2 ರೂಪಾಯಿ. ಒಟ್ಟು 5 ಎಂದಿಟ್ಟುಕೊಳ್ಳಿ. ದಿನಕ್ಕೆ 40 ರೂಪಾಯಿ, 25 ದಿನಕ್ಕೆ 1,000. (ಹಾಲಿಗೆ ಏರಿಸಿದ 4 ರೂಪಾಯಿ ರೈತರಿಗೆ ಹೋಗುತ್ತದೆ ಎಂದಿದ್ದಾರೆ, ಅದನ್ನು ನಾನು ಸೇರಿಸಿಲ್ಲ.) ಅಮ್ಮಿಯ ಖಾತೆಗೆ ಬಂದ ದುಡ್ಡಿನ ಅರ್ಧ ಅಬ್ಬಾನ ಡೀಸೆಲ್ ಟ್ಯಾಂಕಿನಿಂದಲೇ ಹೋಗಿದೆ.

ಈ ಲೆಕ್ಕ ಅಮ್ಮಿಗೆ ತೋರಿಸಿದೆ. ಮೆಚ್ಚುತ್ತಾರೆ ಅಂದುಕೊಂಡಿದ್ದೆ. “ನಿಮ್ಮ ಅಬ್ಬಾ ಕೊಟ್ಟರೆ ಎಲ್ಲಿ ಖರ್ಚಾಯ್ತು ಅಂತ ಕೇಳ್ತಾರೆ. ಇದಕ್ಕೆ ಯಾರೂ ಕೇಳಲ್ಲ” ಅಂದರು. ಸ್ವಾತಂತ್ರ್ಯದ ಬಗ್ಗೆ ನಾನು ಓದಿದ್ದೆಲ್ಲ ಆ ಮಾತಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಸರ್ಕಾರ ತಾನೇ ಟೆಂಡರ್ ಕರೆದು ಏನಾದರೂ ಕೊಂಡು ಹಂಚುವುದಕ್ಕಿಂತ ದುಡ್ಡನ್ನೇ ಅವರ ಕೈಗೆ ಕೊಡುವುದು ನನ್ನ ಸಿದ್ಧಾಂತಕ್ಕೂ ಹತ್ತಿರವೇ. ಹಾಗಾಗಿ ನನ್ನ ತಕರಾರು ಆ 2,000 ರೂಪಾಯಿಯ ಮೇಲಲ್ಲ. ಅದನ್ನು ಉಚಿತ ಎಂದು ಕರೆಯುವುದರ ಮೇಲೆ. 2025-26ರ ರಾಜ್ಯ ಬಜೆಟ್ ಸುಮಾರು 4.09 ಲಕ್ಷ ಕೋಟಿ. ಐದು ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 51 ಸಾವಿರ ಕೋಟಿ. ಆ ವರ್ಷ ತರುವ ಸಾಲ 1.16 ಲಕ್ಷ ಕೋಟಿ. ಓಟಿನ ಹಕ್ಕು ಬರುವ ಮೊದಲೇ ಆ ಸಾಲದಲ್ಲಿ ನಮ್ಮ ಪಾಲು ಬರೆದಾಗಿದೆ.

ಇನ್ನು ನಾಯಕರ ಮಾತು. 2022ರ ಜುಲೈನಲ್ಲಿ ಪ್ರಧಾನಿಯವರು ಇಂಥ ಯೋಜನೆಗಳನ್ನು ‘ರೇವಡಿ’ ಎಂದು ಕರೆದರು. ವರ್ಷ ಕಳೆಯುವ ಮೊದಲೇ, 2023ರ ಮೇನಲ್ಲಿ, ಅವರ ಪಕ್ಷ ಕರ್ನಾಟಕದ ಬಡ ಕುಟುಂಬಗಳಿಗೆ ವರ್ಷಕ್ಕೆ ಮೂರು ಉಚಿತ ಸಿಲಿಂಡರ್, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಎಂದು ಪ್ರಣಾಳಿಕೆ ಬರೆಯಿತು. ಮಹಾರಾಷ್ಟ್ರದಲ್ಲಿ ಅದೇ ಪಕ್ಷದ ಮೈತ್ರಿ ಸರ್ಕಾರ 2024ರಲ್ಲಿ ಮಹಿಳೆಯರಿಗೆ ತಿಂಗಳಿಗೆ 1,500 ಕೊಡಲು ಶುರುಮಾಡಿತು. ಕಾಂಗ್ರೆಸ್ಸಿನವರೂ ಕಡಿಮೆಯಿಲ್ಲ. ಗ್ಯಾರಂಟಿಗಳ ಮೇಲೆಯೇ ಗೆದ್ದ ಪಕ್ಷದ ಅಧ್ಯಕ್ಷ ಖರ್ಗೆಯವರು ಒಂದೂವರೆ ವರ್ಷದ ನಂತರ ಬಜೆಟ್ ನೋಡಿಕೊಂಡು ಭರವಸೆ ಕೊಡಿ ಎಂದು ತಮ್ಮವರಿಗೇ ಬುದ್ಧಿ ಹೇಳಿದರು. ಕೇಂದ್ರ 2020ರ ಮೇನಲ್ಲಿ ಅಬಕಾರಿ ಸುಂಕವನ್ನು ಪೆಟ್ರೋಲಿಗೆ 10, ಡೀಸೆಲ್‌ಗೆ 13 ರೂಪಾಯಿ ಏರಿಸಿದ್ದನ್ನು ಟೀಕಿಸಿದವರೇ ಇಲ್ಲಿ ತೆರಿಗೆ ಏರಿಸಿದರು. ಅಂದು ಸಮರ್ಥಿಸಿದವರು ಇಲ್ಲಿ ಬೀದಿಗಿಳಿದರು. ಬಂಕಿನಲ್ಲಿ ನಿಂತ ಅಬ್ಬಾಗೆ ಎರಡೂ ಒಂದೇ.

ನನಗೆ ಕಷ್ಟವಾಗುವುದು ಮುಂದಿನ ವಿಷಯದಲ್ಲಿ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಕೇಂದ್ರ ಸರ್ಕಾರ 2022ರಲ್ಲಿ 1ರಿಂದ 8ನೇ ತರಗತಿವರೆಗೆ ನಿಲ್ಲಿಸಿತು. ಶಿಕ್ಷಣ ಹಕ್ಕು ಕಾಯ್ದೆಯಡಿ ಆ ಮಕ್ಕಳಿಗೆ ಉಚಿತ ಶಿಕ್ಷಣ ಇದೆಯಲ್ಲ ಎಂಬುದು ಅದು ಕೊಟ್ಟ ಕಾರಣ. ಡಿಸೆಂಬರ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಜಾದ್ ಫೆಲೋಶಿಪ್ಪೂ ನಿಂತಿತು. ನನ್ನ ತಂಗಿ ಆಗ ಆರನೇ ತರಗತಿ. ವಿರೋಧಿಸಿ ಬರೆದ ಮನವಿಗೆ ನಾನೂ ಸಹಿ ಹಾಕಿದೆ. ಖರ್ಚು ಕಡಿಮೆಯಾಗಲಿ ಅನ್ನುವವನು ತನ್ನ ಮನೆಯ ಬಾಗಿಲಿಗೆ ಬಂದಾಗ ಬೇಡ ಅಂದಹಾಗಾಯಿತು. ತರಗತಿಯಲ್ಲಿ ಶಕ್ತಿ ಬೇಕು ಎಂದ ಹುಡುಗಿಯನ್ನು ನೋಡಿ ನಕ್ಕವರಲ್ಲಿ ನಾನೂ ಇದ್ದೆ, ಮರೆತಿಲ್ಲ.

ಬಹಳ ಯೋಚಿಸಿದ ಮೇಲೂ ಆ ಸಹಿಯನ್ನು ಹಿಂತೆಗೆದುಕೊಳ್ಳಬೇಕು ಅನ್ನಿಸಲಿಲ್ಲ. ಯಾಕೆಂದರೆ ಕತ್ತರಿ ಯಾವಾಗಲೂ ಮೊದಲು ಬೀಳುವುದು ಕೂಗಿದರೂ ಯಾರಿಗೂ ಕೇಳದವರ ಮೇಲೆ. 2025ರ ಮಾರ್ಚ್ 21 ನೆನಪಿಸಿಕೊಳ್ಳಿ. ಅಂದು ವಿಧಾನಸಭೆಯಲ್ಲಿ ಗುತ್ತಿಗೆಯಲ್ಲಿ ಮುಸ್ಲಿಮರಿಗೆ 4 ಶೇಕಡಾ ಮೀಸಲು ಕೊಡುವ ಮಸೂದೆಯ ಗದ್ದಲ, ಬಿಜೆಪಿಯ 18 ಶಾಸಕರ ಅಮಾನತು. ಟಿವಿಯಲ್ಲಿ ಅದನ್ನೇ ನೋಡಿದೆವು, ಅದರ ಮೇಲೆಯೇ ಜಗಳವಾಡಿದೆವು. ಅದೇ ಗದ್ದಲದ ನಡುವೆ ಇನ್ನೊಂದು ಮಸೂದೆ ಚರ್ಚೆಯಿಲ್ಲದೆ ಪಾಸಾಯಿತು: ಶಾಸಕರ ಸಂಬಳ 40,000ದಿಂದ 80,000ಕ್ಕೆ, ಮುಖ್ಯಮಂತ್ರಿಯವರದು 75,000ದಿಂದ 1.5 ಲಕ್ಷಕ್ಕೆ. ಅಮಾನತಾದವರಿಗೂ ಹೆಚ್ಚಳ ಅನ್ವಯ. ನಮ್ಮ ಹೆಸರು ಹಿಡಿದು ಇಡೀ ದಿನ ಕಿತ್ತಾಡಿದ ಎರಡೂ ಕಡೆಯವರು ಇದೊಂದರಲ್ಲಿ ಜೊತೆಗಿದ್ದರು.

ಅಮೆರಿಕದ ಸಂವಿಧಾನದ 27ನೇ ತಿದ್ದುಪಡಿಯ ಪ್ರಕಾರ ಸಂಸದರು ತಮ್ಮ ಸಂಬಳ ಬದಲಿಸಿಕೊಂಡರೆ ಅದು ಮುಂದಿನ ಚುನಾವಣೆ ಮುಗಿಯುವವರೆಗೆ ಜಾರಿಯಾಗುವಂತಿಲ್ಲ. 1789ರಲ್ಲಿ ಮಂಡಿಸಿದ್ದು ಜಾರಿಗೆ ಬರಲು 1992 ಆಯಿತು, ಅಂದರೆ ಇಂಥದ್ದು ಎಲ್ಲಿಯೂ ಸುಲಭವಲ್ಲ. ನಮ್ಮಲ್ಲೂ ಅಂಥ ನಿಯಮ ಬರಲಿ. ಜೊತೆಗೆ ಬಂಕಿನ ರಸೀದಿಯಲ್ಲಿ ಕೇಂದ್ರಕ್ಕೆ ಎಷ್ಟು, ರಾಜ್ಯಕ್ಕೆ ಎಷ್ಟು ಎಂದು ಬೇರೆ ಬೇರೆ ಅಚ್ಚಾಗಲಿ. ಸರ್ ಮತ್ತೆ “ಯಾವ ಖರ್ಚು?” ಎಂದು ಕೇಳಿದರೆ ನಾನು ಮೊದಲು ಹೇಳುವುದು ಶಾಸಕರ ಸಂಬಳ. ಆಮೇಲೆ ನಿಗಮ-ಮಂಡಳಿಗಳ ಅಧ್ಯಕ್ಷಗಿರಿ ಮತ್ತು ಕಾರು. ಅವೆಲ್ಲ ಮುಗಿದ ಮೇಲೆ ನಮ್ಮ ಮನೆಯ 2,000ದ ಸರದಿ ಬಂದರೆ ಬರಲಿ. ಆಗ ಡೀಸೆಲ್ ತೆರಿಗೆಯನ್ನೂ ಇಳಿಸಬೇಕು ಎಂದು ಅಮ್ಮಿ ಈಗಲೇ ಷರತ್ತು ಹಾಕಿದ್ದಾರೆ.